ಮಾಸ್ತರ ಹೆಗಲಿನ ಹೊಲಿಗೆ

ಟೈಲರುಗಳು ಸುಳ್ಳು ಹೇಳುತ್ತಾರೆ ಎಂಬುದು ಶುದ್ಧ ಅಪವಾದ. ನಮ್ಮ ಮಾಸ್ತರು ಇಡೀ ಜೀವಮಾನದಲ್ಲಿ ಹೇಳಿದ್ದು ಒಂದೇ ಒಂದು ಸುಳ್ಳು. ಅದನ್ನು ದಿನಾ ಹೇಳುತ್ತಿದ್ದರು, ಅಷ್ಟೇ. "ಮಂಗಳವಾರ ಬನ್ನಿ, ರೆಡಿ ಇರುತ್ತೆ." ಯಾವ ಮಂಗಳವಾರ ಎಂದು ಅವರು ಹೇಳುತ್ತಿರಲಿಲ್ಲ, ಕೇಳಲು ಗಿರಾಕಿಗಳಿಗೂ ಬಾಯಿ ಬರುತ್ತಿರಲಿಲ್ಲ. ಯಾಕೆಂದರೆ ಎಷ್ಟೇ ತಡವಾದರೂ ಅವರು ಕತ್ತರಿಸಿದ ಕೋಟು ಮೈಮೇಲೆ ಕೂರುವ ಚಂದವೇ ಬೇರೆ. "ಹೆಗಲು ಕೂತ್ರೆ ಕೋಟು ಕೂತ ಹಾಗೆ. ಮಿಕ್ಕಿದ್ದೆಲ್ಲ ಗುಂಡಿ ಲೆಕ್ಕ," ಎನ್ನುತ್ತಿದ್ದರು.

ಅಂಥವರ ಸ್ವಂತ ಹೆಗಲೇ ಹರಿದುಹೋಯಿತು.

ಯಾವ ಘನಕಾರ್ಯದಲ್ಲಿ ಹರಿಯಿತು ಎಂದು ಕೇಳಿದವರಿಗೆ ಮಾಸ್ತರು ಇವತ್ತಿಗೂ ನೇರವಾಗಿ ಉತ್ತರ ಕೊಟ್ಟಿಲ್ಲ. ನಾವಾದರೂ ಕೊಟ್ಟುಬಿಡೋಣ. ಪೈಜಾಮಕ್ಕೆ ಬಟ್ಟೆ ಕೇಳಿಕೊಂಡು ಬಂದಿದ್ದ ಒಬ್ಬ ಗಿರಾಕಿಗೆ, ಆತ ಬೇಡ ಬೇಡ ಎಂದರೂ, ಮೇಲಿನ ಶೆಲ್ಫಿನ ಉಣ್ಣೆಯ ಥಾನು ತೋರಿಸಿಯೇ ತೀರುತ್ತೇನೆಂದು ಸ್ಟೂಲು ಹತ್ತಿದರು. ಸ್ಟೂಲು ಒಂದು ಕಡೆ ಹೋಯಿತು, ಮಾಸ್ತರು ಇನ್ನೊಂದು ಕಡೆ ಹೋದರು, ಬಲಗೈ ಮಾತ್ರ ಶೆಲ್ಫು ಹಿಡಿದುಕೊಂಡು ಒಂದು ಕ್ಷಣ ಅಲ್ಲೇ ಉಳಿಯಿತು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ಥಾನಿನಡಿ ಅಂಗಾತ ಬಿದ್ದಿದ್ದ ಮಾಸ್ತರು, "ಮುಟ್ಟಿ ನೋಡಿ ಸಾರ್, ಎಂಥಾ ಬಟ್ಟೆ!" ಎಂದರಂತೆ. ಗಿರಾಕಿ ಪೈಜಾಮದ ಆಸೆಯನ್ನೇ ಬಿಟ್ಟು ಹೊರಟುಹೋದ.

ಆಸ್ಪತ್ರೆಯ ಸರ್ಜನ್ ನಗುಮೊಗದ ಮನುಷ್ಯ. "ಮಾಸ್ತರೇ, ನಿಮ್ಮ ಭಾಷೇಲೇ ಹೇಳ್ತೀನಿ. ಕೋಟಿನ ತೋಳು ಹೆಗಲ ಹತ್ರ ಬಿಟ್ಕೊಂಡಿದೆ. ಸ್ನಾಯೂನ ಮೂಳೆಗೆ ಹಿಡಿದಿಡೋ ಒಂದು ರಜ್ಜು ಇರುತ್ತೆ, ಅದು ಕಿತ್ತು ಬಂದಿದೆ. ಮತ್ತೆ ಮೂಳೆಗೆ ಸೇರಿಸಿ ಹೊಲೀಬೇಕು," ಎಂದರು. ಹೊಲಿದರು. ಮಾಸ್ತರು ಕೈಯನ್ನು ಜೋಳಿಗೆಯಲ್ಲಿ ಹಾಕಿಕೊಂಡು ಮನೆಗೆ ಬಂದರು.

ಇಲ್ಲಿಗೆ ಮುಗಿದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ನೋಡಲು ಬಂದವರೆಲ್ಲ ಅಯ್ಯೋ ಪಾಪ ಎನ್ನತೊಡಗಿದರು, ಮಾಸ್ತರಿಗೆ ಪಾಪ ಅನ್ನಿಸಿಕೊಂಡು ಅಭ್ಯಾಸವಿಲ್ಲ. ಒಂದು ಸಂಜೆ ಹೇಳಿಯೇಬಿಟ್ಟರು: "ಆಪರೇಷನ್‌ಗೆ ಮುಂಚೆ ಸರ್ಜನ್ ನನ್ನ ಕಿವಿ ಹತ್ರ ಬಗ್ಗಿ ಕೇಳಿದ್ರು, 'ಮಾಸ್ತರೇ, ಯಾವ ದಾರ ಹಾಕ್ಲಿ?' ಅಂತ. ಡಬಲ್ ದಾರ ಹಾಕಿ, ಹಿಂದೊಂದು ಮುಂದೊಂದು ಹೊಲಿಗೆ ಕೊಡಿ ಅಂದೆ. ಹಾಗೇ ಮಾಡಿದ್ರು."

ಕೇಳಿದವರು ಬೆರಗಾದರು. ಮರುದಿನ ಬೀದಿಗೆಲ್ಲ ಸುದ್ದಿ ಹಬ್ಬಿತು. ವಾರ ಕಳೆಯುವುದರೊಳಗೆ ಕಥೆ ಬೆಳೆದು, ಸರ್ಜನ್ ಸೂಜಿ ಹಿಡಿದು ನಿಂತಿದ್ದರು, ಮಾಸ್ತರು ಮಲಗಿದಲ್ಲಿಂದಲೇ ಹೊಲಿಗೆ ಹೇಳಿಕೊಟ್ಟರು ಎಂಬಲ್ಲಿಗೆ ಬಂದು ನಿಂತಿತು. ಮಾಸ್ತರ ಹೆಂಡತಿ ಇದನ್ನು ಕೇಳಿ, "ಮನೇಲಿ ದಿಂಬಿನ ಚೀಲ ಹರಿದು ವರ್ಷ ಆಯ್ತು. ಅದನ್ನೂ ಸರ್ಜನ್ ಹತ್ರ ಹೊಲಿಸ್ಕೊಂಡು ಬರ್ಬೇಕಿತ್ತು," ಎಂದರು.

ಈ ಕಥೆಯನ್ನು ಬಾಯಿ ಬಿಟ್ಟುಕೊಂಡು ನಂಬಿದವನು ಎದುರಂಗಡಿಯ ಟೈಲರು. ಅವನಿಗೆ ಬೀದಿ ಇಟ್ಟ ಹೆಸರು ಅರ್ಧಿಂಚು. ಯಾರ ಬಟ್ಟೆಯಾದರೂ ಅಳತೆಗಿಂತ ಅರ್ಧ ಇಂಚು ಸಡಿಲ ಬಿಟ್ಟು ಹೊಲಿಯುವುದು ಅವನ ಜಾಯಮಾನ. "ಮನುಷ್ಯ ಉಸಿರಾಡ್ಬೇಕಲ್ವಾ ಮಾಸ್ತರೇ?" ಎಂದು ಅವನು. "ಉಸಿರಾಡೋಕೆ ದೇವರು ಮೂಗು ಕೊಟ್ಟಿದ್ದಾನೆ. ಕೋಟಲ್ಲಿ ಯಾರಯ್ಯಾ ಉಸಿರಾಡ್ತಾರೆ?" ಎಂದು ಇವರು. ಇಬ್ಬರ ನಡುವೆ ಇಪ್ಪತ್ತು ಹೆಜ್ಜೆ ಅಗಲದ ರಸ್ತೆ, ಅರ್ಧ ಇಂಚಿನ ವೈರ.

ಈ ಮಧ್ಯೆ ಮಾಸ್ತರ ಮಗಳು ವಕೀಲಿ ಓದಿ ಮುಗಿಸಿದಳು. ಮುಂದಿನ ಸೋಮವಾರ ಮೊದಲ ಬಾರಿಗೆ ಕೋರ್ಟಿನಲ್ಲಿ ಎದ್ದು ನಿಲ್ಲಬೇಕು. ಅವಳ ಕೋಟಿಗೆಂದು ತಂದ ಕರಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಡಿಸಿಕೊಂಡು ಕಾಯುತ್ತಿತ್ತು. ಚಿಕ್ಕವಳಿದ್ದಾಗ ಶಾಲೆಯಿಂದ ಬಂದು ಅದೇ ಮೇಜಿನಡಿ ಕುಳಿತು ಚಿಂದಿ ಬಟ್ಟೆಗಳಿಗೆ ಜಗಳ ಹಚ್ಚಿ ತಾನೇ ತೀರ್ಪು ಕೊಡುತ್ತಿದ್ದ ಹುಡುಗಿ ಅದು. "ಅಪ್ಪ ಕತ್ತರಿಸಿದ ಕೋಟೇ ಆಗ್ಬೇಕು," ಎಂದಿದ್ದಳು. ಮಾಸ್ತರು ಆಗಲಿ ಎಂದಿದ್ದರು. ಜೀವನದಲ್ಲಿ ಮೊದಲ ಸಲ ಅವರಿಗೆ ಮಂಗಳವಾರ ಬಾ ಎನ್ನುವ ಮನಸ್ಸಾಗಲಿಲ್ಲ.

ಆದರೆ ಸರ್ಜನ್ ಮಾತು ಖಡಕ್ಕು. "ಸ್ಕ್ಯಾನ್ ಮಾಡಿಸಿ. ರಜ್ಜು ಮೂಳೆಗೆ ಕಚ್ಕೊಂಡಿದ್ರೆ ಕತ್ತರಿ ಹಿಡೀರಿ. ಬಿಟ್ಕೊಂಡಿದ್ರೆ ಮತ್ತೆ ತೆರೀಬೇಕಾಗುತ್ತೆ. ಆಮೇಲೆ ಆ ಭಾರದ ಕತ್ತರಿ ಕತೆ ನಾನು ಹೇಳಲಾರೆ."

ಎಂ.ಆರ್.ಐ. ಕೋಣೆಯ ಟೆಕ್ನೀಷಿಯನ್, "ಮೈಮೇಲೆ ಲೋಹ ಏನಾದ್ರೂ ಇದೆಯಾ?" ಎಂದು ಕೇಳಿದ. ಏನೂ ಇಲ್ಲ ಎಂದರು ಮಾಸ್ತರು. ಆಮೇಲೆ ಕಾಲರಿನಿಂದ ಎರಡು ಸೂಜಿ ಬಂದವು, ಜೇಬಿನಿಂದ ಬೆರಳುಟೋಪಿ ಬಂತು, ತೋಳಿನ ಮಡಿಕೆಯಿಂದ ಗುಂಡುಪಿನ್ನುಗಳು ಉದುರಿದವು. "ಹೆಗಲೊಳಗೆ?" ಎಂದು ಅವನು ಅನುಮಾನದಿಂದ ಕೇಳಿದ. "ಅಲ್ಲಿರೋದು ದಾರ ಹಿಡಿಯೋಕೆ ಮೂಳೆಗೆ ಹೊಡೆದ ಕರಗೋ ಮೊಳೆ, ಲೋಹ ಅಲ್ಲ ಅಂತ ಸರ್ಜನ್ ಬರ್ಕೊಟ್ಟಿದ್ದಾರೆ," ಎಂದರು ಹೆಂಡತಿ. ಟೆಕ್ನೀಷಿಯನ್ ಮಾಸ್ತರ ಬಟ್ಟೆಯನ್ನೆಲ್ಲ ಬಿಚ್ಚಿಸಿ, ಆಸ್ಪತ್ರೆಯ ನಿಲುವಂಗಿ ತೊಡಿಸಿ, ಅಲ್ಲಾಡಬೇಡಿ ಎಂದು ಮೂರು ಸಲ ಹೇಳಿ, ಕೊಳವೆಯೊಳಗೆ ತಳ್ಳಿದ.

ಕೊಳವೆ ಸದ್ದು ಶುರು ಮಾಡಿತು. ಬೇರೆಯವರಿಗೆ ಅದು ಕಿವಿ ಹರಿಯುವ ಗದ್ದಲ. ಮಾಸ್ತರಿಗೆ ಮಾತ್ರ ಹಳೇ ಹೊಲಿಗೆ ಮೆಷೀನು ಓಡಿದ ಹಾಗೆ ಕೇಳಿ, ತಿಂಗಳುಗಟ್ಟಲೆ ಕೆಲಸವಿಲ್ಲದೆ ಒಣಗಿದ್ದ ಜೀವ ತಂಪಾಯಿತು. ಕಣ್ಣು ಮುಚ್ಚಿದರು. ಮನಸ್ಸಿನಲ್ಲೇ ಮಗಳ ಕೋಟಿನ ಬೆನ್ನು ಜೋಡಿಸಿದರು, ತೋಳು ಕೂರಿಸಿದರು. ಅವರಿಗೆ ತಿಳಿಯದ ಹಾಗೆ ಎರಡೂ ಪಾದ ಪೆಡಲು ತುಳಿಯತೊಡಗಿದವು. ಹೊರಗೆ ಬಂದವರು ಟೆಕ್ನೀಷಿಯನ್‌ಗೆ, "ಮೆಷೀನು ಚೆನ್ನಾಗಿದೆ. ಸ್ವಲ್ಪ ಎಣ್ಣೆ ಬಿಡಿ," ಎಂದು ಬುದ್ಧಿ ಹೇಳಿದರು.

"ಫಿಲ್ಮು ಈಗ್ಲೇ ತಗೊಂಡ್ಹೋಗಿ. ರಿಪೋರ್ಟಿಗೆ ನಾಳೆ ಸಂಜೆ ಬನ್ನಿ, ರೆಡಿ ಇರುತ್ತೆ," ಎಂದಳು ಕೌಂಟರಿನ ಹುಡುಗಿ.

ಮಾಸ್ತರು ಬೆಚ್ಚಿದರು. ಆ ಮಾತಿನ ಅರ್ಥ ಅವರಿಗಿಂತ ಚೆನ್ನಾಗಿ ಈ ಭೂಮಿಯ ಮೇಲೆ ಯಾರಿಗೆ ಗೊತ್ತು?

"ಇವ್ರು ಕೈಯೇ ಹಾಕಿಲ್ಲ ಕಣೇ," ಎಂದರು ದಾರಿಯಲ್ಲಿ ಹೆಂಡತಿಗೆ. "ಇಲ್ಲಾ ಏನೋ ಕೆಟ್ಟಿದೆ, ಹೇಳೋಕೆ ಮುಖ ಇಲ್ಲ. 'ರೆಡಿ ಇರುತ್ತೆ' ಅಂದ್ರೆ ಇವೆರಡೇ ಅರ್ಥ."

"ಹಾಗಾದ್ರೆ ಇಷ್ಟು ವರ್ಷ ನೀವು ಹೇಳ್ತಿದ್ದಿದ್ದು?"

"ಅದು ಬೇರೆ," ಎಂದರು ಮಾಸ್ತರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗಾದೆ ಎಲ್ಲರಿಗೂ ಗೊತ್ತು. ಮಾಸ್ತರು ಪಾಪ, ಮುಟ್ಟಿ ನೋಡಿಕೊಳ್ಳಲೂ ಆಗದ ಹೆಗಲಿನವರು.

ಮರುದಿನ ಬೆಳಿಗ್ಗೆ ಅಂಗಡಿ ತೆರೆದದ್ದೇ ತಡ, ಜನ ಬಂದರು. ಡಬಲ್ ದಾರದ ಹೊಲಿಗೆ ನೋಡಬೇಕಲ್ಲ! ಮಾಸ್ತರಿಗೆ ಒಳಗೆ ಪುಕುಪುಕು, ಹೊರಗೆ ಜಂಬ. ಟ್ರಯಲ್ ರೂಮಿನ ಕನ್ನಡಿಯ ಮೇಲಿದ್ದ ಟ್ಯೂಬ್‌ಲೈಟಿಗೆ ಫಿಲ್ಮನ್ನು ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಿದರು. ಕಪ್ಪು ಹಾಳೆಯ ಮೇಲೆ ಬೂದು ಬೂದು ಹೆಗಲುಗಳು ಸಾಲಾಗಿ ಬೆಳಗಿದವು. ಜನ ಒಬ್ಬೊಬ್ಬರಾಗಿ ಪರದೆ ಸರಿಸಿ ಒಳಗೆ ಹೋಗಿ, ಕೈಕಟ್ಟಿಕೊಂಡು ನೋಡಿ, ತಲೆಯಾಡಿಸುತ್ತ ಹೊರಬಂದರು. ಪಕ್ಕದ ಔಷಧಿ ಅಂಗಡಿಯವನು, "ಕಲೆ ಅಂದ್ರೆ ಇದು," ಎಂದ. ಏನು ಕಂಡಿತೆಂದು ಕೇಳಿದ್ದರೆ ಅವನು ಬೆವರುತ್ತಿದ್ದ.

ಕೊನೆಗೆ ಅರ್ಧಿಂಚು ಬಂದ. ಅವನು ಬಹಳ ಹೊತ್ತು ಒಳಗೇ ಇದ್ದ.

"ಮಾಸ್ತರೇ," ಎಂದ ಪರದೆಯೊಳಗಿನಿಂದಲೇ, ಮೆತ್ತಗೆ. "ತಪ್ಪು ತಿಳ್ಕೋಬೇಡಿ. ಇಲ್ಲೊಂದು ಗ್ಯಾಪ್ ಇದ್ಯಲ್ಲಾ?"

"ಎಲ್ಲಯ್ಯಾ?"

"ಇಲ್ಲಿ. ಈ ಗುಂಡಗಿರೋದಕ್ಕೂ ಮೇಲಿರೋದಕ್ಕೂ ನಡುವೆ. ಬೆಳ್ಳಗೆ ಬಿಟ್ಕೊಂಡಿದೆ. ಒಂದರ್ಧ..." ಅವನು ನಾಲಿಗೆ ಕಚ್ಚಿಕೊಂಡ.

ಮಾಸ್ತರು ಬಗ್ಗಿ ನೋಡಿದರು. ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. ಇತ್ತು. ಎರಡು ತುಂಡುಗಳ ಮಧ್ಯೆ ಬೆಳ್ಳನೆಯ ಗೆರೆ, ಹೊಲಿಗೆ ಬಿಚ್ಚಿದ ಸಂದಿನ ಹಾಗೆ, ಕಣ್ಣಿಗೆ ಹೊಡೆಯುವಂತೆ ಇತ್ತು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದಂತಾಯಿತು. ಡಬಲ್ ದಾರ ಹಾಕಿ ಎಂದು ತಾವೇ ಹೇಳಿದ್ದಾಗಿ ಊರಿಗೆಲ್ಲ ಸಾರಿದ ಮೇಲೆ, ಬಿಚ್ಚಿದ ಹೊಲಿಗೆ ಯಾರದು? ಅವರದೇ!

"ಕೋಟಿನ ಚಿಂತೆ ಬಿಡಿ," ಎಂದ ಅರ್ಧಿಂಚು, ನಿಜವಾದ ಮರುಕದಿಂದ. "ಮಗಳ ಕೋಟು ನಾನು ಕತ್ತರಿಸ್ತೀನಿ."

"ನಾನು ಸತ್ತ ಮೇಲೆ," ಎಂದರು ಮಾಸ್ತರು. ಫಿಲ್ಮು ಕಿತ್ತುಕೊಂಡು ನೇರ ಪಕ್ಕದ ಫೋಟೋ ಸ್ಟುಡಿಯೋಗೆ ನಡೆದರು.

ಸ್ಟುಡಿಯೋ ಅವರ ಭಾಮೈದನದು. ಊರಿನ ಅರ್ಧ ಜನರ ಮುಖವನ್ನು ಬೆಳ್ಳಗೆ ಮಾಡಿದ ಮಹಾನುಭಾವ. ಅವನು ಫಿಲ್ಮನ್ನು ದೀಪದ ಮೇಜಿನ ಮೇಲೆ ಹರಡಿ, ಭೂತಗನ್ನಡಿ ಹಿಡಿದು, ಆಳವಾಗಿ ಉಸಿರು ಬಿಟ್ಟ.

"ಭಾವ, ಸುಮ್ನೆ ಹೆದರಿದ್ದೀರಿ. ಇದು ನೆಗೆಟಿವ್ವು. ನೆಗೆಟಿವ್ವಲ್ಲಿ ಬೆಳ್ಳಗಿರೋದು ನಿಜವಾಗ್ಲೂ ಕಪ್ಪಗಿರುತ್ತೆ. ಅಂದ್ರೆ ಅಲ್ಲಿ ಗ್ಯಾಪಿಲ್ಲ, ಮಾಂಸ ಇದೆ."

ಮಾಸ್ತರಿಗೆ ಹೋದ ಪ್ರಾಣ ಬಂತು. "ಹಾಗಾದ್ರೆ ಗಟ್ಟಿ ಇದೆ ಅಂತೀಯಾ?"

"ಅಲ್ಲಿ ಗಟ್ಟಿ. ಆದ್ರೆ..." ಭಾಮೈದ ಫಿಲ್ಮಿನ ಉಳಿದ ಭಾಗವನ್ನೆಲ್ಲ ಭೂತಗನ್ನಡಿಯಲ್ಲಿ ಸವರಿದ. ಮುಖ ಸಣ್ಣದಾಯಿತು. "ಭಾವ, ಇಲ್ಲಿ ಮಿಕ್ಕಿದ್ದೆಲ್ಲ ಕಪ್ಪು. ಲೆಕ್ಕದ ಪ್ರಕಾರ ಮಿಕ್ಕಿದ್ದೆಲ್ಲ ಗ್ಯಾಪೇ."

ಬಂದ ಪ್ರಾಣ ಮತ್ತೆ ಹೋಯಿತು.

"ಬೇಜಾರು ಮಾಡ್ಕೋಬೇಡಿ," ಎಂದ ಭಾಮೈದ. ಅಕ್ಕನ ಗಂಡನಿಗಾಗಿ ಅವನು ಏನು ಮಾಡಲೂ ತಯಾರಿದ್ದ. "ಬೇಕಿದ್ರೆ ಟಚ್ ಮಾಡಿಕೊಡ್ತೀನಿ. ಸಣ್ಣ ಬ್ರಷ್ ತಗೊಂಡು ಗೆರೆ ಮುಚ್ಚಿಬಿಟ್ರೆ ಸರ್ಜನ್ನಿಗೂ ಗೊತ್ತಾಗಲ್ಲ."

"ಲೋ, ಒಳಗಿರೋ ಹೆಗಲಿಗೆ ಏನೋ ಬಳೀತೀಯಾ?"

ಇಷ್ಟರಲ್ಲಿ ಮಾಸ್ತರ ಫೋನು ಬಡಿದುಕೊಂಡಿತು. ಸ್ಕ್ಯಾನ್ ಸೆಂಟರಿನ ಹುಡುಗಿ. "ಸಾರ್, ಡಾಕ್ಟರು ನಿಮ್ಮನ್ನ ನಾಳೆ ಇನ್ನೊಂದ್ಸಲ ಬರೋಕೆ ಹೇಳಿದ್ದಾರೆ. ಕೈ ಆಡಿಸಿ ನೋಡ್ಬೇಕಂತೆ."

ಮಾಸ್ತರು ಸ್ಟೂಲಿನ ಮೇಲೆ ಕುಸಿದರು. "ಟ್ರಯಲ್‌ಗೆ ಕರೀತಿದ್ದಾರೆ," ಎಂದರು. "ಮುಗಿದ ಬಟ್ಟೆಗೆ ಯಾರಾದ್ರೂ ಗಿರಾಕೀನ ವಾಪಸ್ ಕರೀತಾರೇನೋ? ಕೆಡಿಸಿದ್ರೆ ಮಾತ್ರ ಕರೀತಾರೆ. ಬಂದ್ಮೇಲೆ ಕೂರಿಸ್ತಾರೆ, ನೀರು ಕೊಡ್ತಾರೆ, ಆಮೇಲೆ ಮೆಲ್ಲಗೆ 'ಸ್ವಲ್ಪ ಬಿಚ್ಚಿ ಹೊಲೀಬೇಕು' ಅಂತಾರೆ. ನಾನೇ ಎಷ್ಟು ಜನಕ್ಕೆ ನೀರು ಕೊಟ್ಟಿಲ್ಲ!"

ಆವತ್ತು ಮನೆಯಲ್ಲಿ ಮಾಸ್ತರು ಉಟ್ಟ ಬಟ್ಟೆಯಲ್ಲೇ ನಿಶ್ಚಲರಾದರು. ಉಳಿದಿರುವ ಹೊಲಿಗೆಯಾದರೂ ನಿಲ್ಲಲಿ ಎಂದು ಬಲಗೈಯನ್ನು ಎದೆಗೆ ಒತ್ತಿ, ಅಳತೆ ಟೇಪಿನಿಂದ ಸುತ್ತ ಬಿಗಿದುಕೊಂಡರು. ಸುತ್ತುವಾಗ ಅಭ್ಯಾಸಬಲದಿಂದ ಅಳತೆಯನ್ನೂ ನೋಡಿಕೊಂಡರು, ಎದೆಗಿಂತ ಹೊಟ್ಟೆ ಮುಂದಿತ್ತು. ಅದೊಂದು ಬೇರೆ ದುಃಖ.

"ಊಟಕ್ಕಾದ್ರೂ ಬಿಚ್ಚಿ," ಎಂದರು ಹೆಂಡತಿ.

"ನೀನೇ ತಿನ್ಸು."

"ನಿನ್ನೆವರ್ಗೂ ಇದೇ ಕೈಯಲ್ಲಿ ತಿಂದ್ರಲ್ರೀ?"

"ನಿನ್ನೆ ನಂಗೆ ಗೊತ್ತಿರ್ಲಿಲ್ಲ," ಎಂದರು ಮಾಸ್ತರು. ಹೆಂಡತಿ ತಟ್ಟೆ ಎಳೆದುಕೊಂಡರು. ಅನ್ನ ಕಲಸಿ ತಿನ್ನಿಸಿದರು. ತಿನ್ನಿಸುತ್ತ, "ಹೊಲಿಗೆ ಬಾಯಿಗೂ ಹಾಕ್ಬೇಕಿತ್ತು," ಎಂದು ಗೊಣಗಿದರು.

ಮಗಳು ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಅಪ್ಪ ಅವಳನ್ನು ನೋಡಿ ಕಣ್ಣು ತಗ್ಗಿಸಿದರು. "ಅರ್ಧಿಂಚು ಹತ್ರ ಕೊಟ್ಬಿಡಮ್ಮಾ," ಎಂದರು. ಎದೆಯೊಳಗಿನಿಂದ ಕಿತ್ತು ಬಂದ ಮಾತು ಅದು. "ಹೆಗಲು ಇಳಿಬಿದ್ದಿರುತ್ತೆ. ಕೋರ್ಟಲ್ಲಿ ಯಾರೂ ಹೆಗಲು ನೋಡಲ್ಲ ಬಿಡು." ಹಾಗೆಂದವರೇ ಗೋಡೆ ಕಡೆ ತಿರುಗಿ ಮಲಗಿದರು. ಹೆಗಲು ನೋಡದ ಜನರೂ ಇರುವ ಲೋಕದಲ್ಲಿ ತಾವಿನ್ನು ಯಾಕಿರಬೇಕು ಎಂಬುದು ಅವರ ಬೆನ್ನಿನಲ್ಲೇ ಕಾಣುತ್ತಿತ್ತು. ಮಗಳು ಚಪ್ಪಲಿ ಮೆಟ್ಟಿಕೊಂಡು ಎದುರಂಗಡಿಗೆ ಹೋದಳು.

ಮರುದಿನ ಆಸ್ಪತ್ರೆಯ ಸ್ಕ್ಯಾನ್ ಸೆಂಟರಿಗೆ ಮೆರವಣಿಗೆಯೇ ಹೊರಟಿತು. ಮುಂದೆ ಟೇಪು ಸುತ್ತಿಕೊಂಡ ಮಾಸ್ತರು, ಹಿಂದೆ ಹೆಂಡತಿ, ಅವರ ಹಿಂದೆ ಬೇಕಾದರೆ ಇರಲಿ ಎಂದು ಬ್ರಷ್ಷು ಜೇಬಿನಲ್ಲಿಟ್ಟುಕೊಂಡ ಭಾಮೈದ. ಮಗಳು ನೇರ ಅಲ್ಲಿಗೇ ಬರುತ್ತೇನೆ ಎಂದಿದ್ದಳು.

ಸ್ಕ್ಯಾನ್ ಡಾಕ್ಟರಮ್ಮ ಗಿಡ್ಡಕ್ಕಿದ್ದರು, ಚುರುಕಾಗಿದ್ದರು. "ಬನ್ನಿ, ಕೂತ್ಕೊಳ್ಳಿ. ನೀರು ಬೇಕಾ?" ಎಂದರು.

"ನೋಡ್ದ್ಯಾ? ನೀರು!" ಎಂದು ಮಾಸ್ತರು ಹೆಂಡತಿಯ ಕಡೆ ತಿರುಗಿದರು. ಕಣ್ಣಲ್ಲಿ ನೀರೇ ಬಂದಿತ್ತು.

"ನಿಮ್ಮ ಹೆಗಲು ನೋಡೋಕೆ ಎಂ.ಆರ್.ಐ. ಒಂದೇ ಸಾಕಿತ್ತು," ಎಂದರು ಡಾಕ್ಟರಮ್ಮ. "ಆದ್ರೆ ಕೆಲವು ಚಿತ್ರ ಮಸುಕಾಗಿದೆ. ನೀವು ಒಳಗೆ ಕಾಲು ಆಡಿಸ್ತಿದ್ರಂತೆ. ಇಡೀ ಮೈ ಅಲುಗಿದೆ."

"ಕಾಲಾ? ನಾನಾ?"

"ಟೆಕ್ನೀಷಿಯನ್ ಹೇಳಿದ, ಸೈಕಲ್ ಹೊಡೀತಿದ್ರು ಅಂತ."

"ಸೈಕಲ್ ಅಲ್ಲ," ಎಂದರು ಹೆಂಡತಿ. "ಮೆಷೀನು ತುಳೀತಿದ್ರು. ನಿದ್ದೇಲೂ ತುಳೀತಾರೆ. ನನ್ನ ಮೊಣಕಾಲಿಗೆ ಕೇಳಿ."

ಡಾಕ್ಟರಮ್ಮ ನಗು ತಡೆದುಕೊಂಡು, ಅಲ್ಟ್ರಾಸೌಂಡ್ ಹಿಡಿಕೆಗೆ ತಣ್ಣನೆಯ ಜೆಲ್ಲಿ ಹಚ್ಚಿದರು. ಹೋಲಿಸಿ ನೋಡಲು ಎರಡೂ ಹೆಗಲು ಬೇಕೆಂದರು. ಟೇಪು ಬಿಚ್ಚಿಸುವುದಕ್ಕೆ ಹೆಂಡತಿ, ಭಾಮೈದ ಇಬ್ಬರೂ ಬೇಕಾದರು. ಒಂದಾದ ಮೇಲೊಂದು ಎರಡು ಹೆಗಲ ಚಿತ್ರವನ್ನೂ ಹಿಡಿದು, ಪರದೆಯ ಮೇಲೆ ಪಕ್ಕಪಕ್ಕ ನಿಲ್ಲಿಸಿದರು. ಅಷ್ಟರಲ್ಲಿ ಸರ್ಜನ್ನೂ ಬಂದು ಬಾಗಿಲಿಗೆ ಒರಗಿ ನಿಂತರು.

ಮಾಸ್ತರು ಕನ್ನಡಕ ಏರಿಸಿ ಪರದೆಗೆ ಮುಖ ಕೊಟ್ಟರು. ದುಃಖ ಎಷ್ಟೇ ಇರಲಿ, ಹೊಲಿಗೆ ಪರೀಕ್ಷೆ ಮಾಡುವಾಗ ಅವರು ಮಾಸ್ತರೇ.

"ನೋಡಿ ಸಾರ್," ಎಂದರು ಸರ್ಜನ್‌ಗೆ, ಎಡಗೈ ಬೆರಳಿನಿಂದ ಒಂದು ಚಿತ್ರ ತೋರಿಸುತ್ತ. "ತಪ್ಪು ತಿಳ್ಕೋಬೇಡಿ. ಆದ್ರೆ ಇದು ಹೊಲಿಗೇನಾ? ನೂಲು ನೂಲು ಎದ್ದಿದೆ. ಅಂಚು ಸವೆದಿದೆ. ಇಲ್ಲಿ ತೆಳ್ಳಗಾಗಿದೆ. ನನ್ನ ಅಂಗಡೀಲಿ ಯಾರಾದ್ರೂ ಹೀಗೆ ಮಾಡಿದ್ರೆ ಮನೆಗೆ ಕಳಿಸ್ತಿದ್ದೆ. ಈಗ ಈ ಕಡೆ ನೋಡಿ. ದಪ್ಪಗೆ, ಗಟ್ಟಿಯಾಗಿ, ಅಂಚಿಂದ ಅಂಚಿಗೆ ಹೆಂಗೆ ಕಚ್ಕೊಂಡಿದೆ! ಇದು ದೇವರ ಕೆಲಸ. ಎಷ್ಟಾದ್ರೂ ದೇವರ ಕೈ ದೇವರ ಕೈಯೇ."

ಡಾಕ್ಟರಮ್ಮ ಸರ್ಜನ್ ಮುಖ ನೋಡಿದರು.

"ಮಾಸ್ತರೇ," ಎಂದರು ಡಾಕ್ಟರಮ್ಮ. "ನೀವು ಬೈದಿದ್ದು ನಿಮ್ಮ ಎಡಗಡೆ ಹೆಗಲನ್ನ. ಅದನ್ನ ಯಾರೂ ಮುಟ್ಟಿಲ್ಲ. ವಯಸ್ಸಿಗೆ ತಕ್ಕಂತೆ ಸ್ವಲ್ಪ ಸವೆದಿದೆ, ಅಷ್ಟೇ, ಗಾಬರಿ ಇಲ್ಲ. ನೀವು ಹೊಗಳಿದ್ದು ಬಲಗಡೇದು. ಅದು ಇವರ ಕೆಲಸ."

ಸರ್ಜನ್ ತಲೆ ಬಾಗಿ ನಮಸ್ಕಾರ ಮಾಡಿದರು.

"ಅಪ್ಪಾ, ದೇವರಿಗೊಂದು ನೋಟಿಸ್ ಕಳಿಸ್ಲಾ?" ಎಂದಿತು ಬಾಗಿಲಿನಿಂದ ಒಂದು ದನಿ. ಮಗಳು ಬಂದಿದ್ದಳು.

ಮಾಸ್ತರು ಪೆಚ್ಚಾದರು. ಆದರೂ ಬಿಡಲಿಲ್ಲ. ಚೀಲದಿಂದ ಫಿಲ್ಮು ಎಳೆದು, "ಹಾಗಾದ್ರೆ ಈ ಗ್ಯಾಪು? ಊರೆಲ್ಲ ನೋಡಿದೆ ಈ ಗ್ಯಾಪು!" ಎಂದರು.

ಡಾಕ್ಟರಮ್ಮ ಬೆಳಕಿಗೆ ಹಿಡಿದು ನೋಡಿ ನಕ್ಕೇಬಿಟ್ಟರು. "ಇದು ಎರಡು ಮೂಳೆ ನಡುವಿನ ಜಾಗ. ಎಲ್ಲರಿಗೂ ಇರುತ್ತೆ. ಇಷ್ಟು ಸಡಿಲ ಇಲ್ದೇ ಇದ್ರೆ ಕೈ ಎತ್ತೋಕೇ ಆಗಲ್ಲ. ಇನ್ನು ಹೊಲಿದ ರಜ್ಜು ಫಿಲ್ಮಲ್ಲಿ ಯಾವತ್ತೂ ಹೊಸದರ ಥರ ಕಾಣ್ಸಲ್ಲ. ಕಲೆ ಇರುತ್ತೆ, ಏರುಪೇರಿರುತ್ತೆ. ನಾವು ಚಂದ ನೋಡಲ್ಲ, ಹಿಡಿದಿದ್ಯಾ ಅಂತ ನೋಡ್ತೀವಿ."

"ಇವ್ರು ಹೇಳ್ದಂಗೆ ಡಬಲ್ ದಾರ ಹಾಕಿದ್ರಲ್ಲ, ಅದಕ್ಕೇ ಹಿಡಿದಿದೆ," ಎಂದ ಭಾಮೈದ, ಭಾವನ ಮಾನ ಕಾಪಾಡಲು.

"ಯಾರು ಹೇಳಿದ್ದು?" ಎಂದರು ಸರ್ಜನ್.

ಮಾಸ್ತರು ಚಾವಣಿ ನೋಡಿದರು. ಮಗಳು ಮುಂದೆ ಬಂದಳು. ಅವಳಿಗೆ ಇದೇ ಮೊದಲ ಕೇಸು. "ಸಾಕ್ಷಿ ನೆನಪು ಮಾಡ್ಕೊಂಡು ಹೇಳ್ಬೇಕು. ಆಪರೇಷನ್ ದಿನ ನೀವು ನಮ್ಮಪ್ಪನ ಕಿವಿ ಹತ್ರ ಬಗ್ಗಿ ಏನು ಕೇಳಿದ್ರಿ?"

"'ನಿದ್ದೆ ಬರ್ತಿದ್ಯಾ?' ಅಂತ ಕೇಳ್ದೆ."

"ಅವ್ರೇನಂದ್ರು?"

"'ಡಬಲ್ ದಾರ,' ಅಂದ್ರು. ಆಮೇಲೆ, 'ಮಂಗಳವಾರ ಬನ್ನಿ, ರೆಡಿ ಇರುತ್ತೆ,' ಅಂತ ನನಗೇ ಹೇಳಿ ನಿದ್ದೆ ಹೋದ್ರು."

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡರು. ಭಾಮೈದ ಬ್ರಷ್ಷು ಜೇಬಿನ ಆಳಕ್ಕೆ ತಳ್ಳಿದ. ಡಾಕ್ಟರಮ್ಮ ಹಿಡಿಕೆಯನ್ನು ಮತ್ತೆ ಬಲ ಹೆಗಲ ಮೇಲಿಟ್ಟು, "ಒಂದೇ ಬಾಕಿ. ಕೈ ಮೇಲೆತ್ತಿ. ಎತ್ತಿದಾಗ ರಜ್ಜು ಮೂಳೆ ಅಡಿ ಸಲೀಸಾಗಿ ಜಾರುತ್ತಾ ನೋಡ್ಬೇಕು," ಎಂದರು.

ಇಲ್ಲಿ ಮಾಸ್ತರು ಮುಷ್ಕರ ಹೂಡಿದರು. ಮನಸ್ಸು ಒಪ್ಪಿದರೂ ಕೈ ಒಪ್ಪಲಿಲ್ಲ. ಸರ್ಜನ್ ಹೇಳಿದರು, ಡಾಕ್ಟರಮ್ಮ ಹೇಳಿದರು, ಹೆಂಡತಿ ಗದರಿದರು. ಕೈ ಮಡಿಲಿನಲ್ಲಿ ಬಿದ್ದೇ ಇತ್ತು. "ಹರಿದ್ರೆ?" ಎಂದರು ಮಾಸ್ತರು. ಈ ಸಲ ಜಂಬವಿರಲಿಲ್ಲ, ನಾಟಕವೂ ಇರಲಿಲ್ಲ. "ಇದೊಂದು ಕೈ ಸಾರ್ ನನ್ಹತ್ರ ಇರೋದು."

ಆಗ ಮಗಳು ಚೀಲದಿಂದ ಏನನ್ನೋ ತೆಗೆದು ಮೈಮೇಲೆ ಹಾಕಿಕೊಂಡಳು. ಬಂದು ಅಪ್ಪನ ಎದುರಿಗೇ ನಿಂತಳು. ಕೋಟು. ಬಿಳಿ ದಾರದ ಕಚ್ಚಾ ಹೊಲಿಗೆಯಲ್ಲಿ ಜೋಡಿಸಿದ, ಅರ್ಧಿಂಚು ಕೈಯಿಂದ ಆಗತಾನೇ ಬಂದ ಕೋಟು.

"ಹೇಗಿದೆಯಪ್ಪಾ?"

ಮಾಸ್ತರು ನೋಡಿದರು. ಕಾಲರು ಎದ್ದಿತ್ತು. ಬೆನ್ನು ಪರವಾಗಿಲ್ಲ. ಆದರೆ ಹೆಗಲು! ಬಲ ಹೆಗಲಿನ ಅಂಚು ಅರ್ಧ ಇಂಚು ಜೋತು, ತೋಳಿನ ಮೇಲೆ ಇಳಿದು, ಸೋತ ಮನುಷ್ಯನ ಹಾಗೆ ಬಾಗಿತ್ತು. ಇದನ್ನು ಹಾಕಿಕೊಂಡು ನನ್ನ ಮಗಳು ನಾಲ್ಕು ಜನರ ಮುಂದೆ ನಿಲ್ಲುವುದೇ?

"ಥೂ! ಇದೇನೇ ಇದು!" ಎಂದು ಕುಳಿತಲ್ಲಿಂದಲೇ ಕೈ ಚಾಚಿ, ಅವಳ ಹೆಗಲಿನ ಬಟ್ಟೆ ಹಿಡಿದು ಮೇಲಕ್ಕೆ ಎಳೆದರು. "ಇಲ್ಲಿಗೆ ಬರ್ಬೇಕು. ಇಲ್ಲಿ! ಕಣ್ಣಿಲ್ವಾ ಅವನಿಗೆ?"

"ಹಾಗೇ ಇರಿ," ಎಂದರು ಡಾಕ್ಟರಮ್ಮ ಪರದೆಯಿಂದ ಕಣ್ಣು ತೆಗೆಯದೆ. "ಇನ್ನೂ ಸ್ವಲ್ಪ ಮೇಲೆ."

"ಮೇಲೇನು, ಕಾಲರೇ ತಪ್ಪಿದೆ," ಎಂದು ಮಾಸ್ತರು ಕೈಯನ್ನು ಅವಳ ಕತ್ತಿನವರೆಗೆ ಒಯ್ದರು. "ಪಿನ್ನು ಕೊಡಿ ಯಾರಾದ್ರೂ!"

ಯಾರೂ ಪಿನ್ನು ಕೊಡಲಿಲ್ಲ. ಎಲ್ಲರೂ ಅವರ ಕೈಯನ್ನೇ ನೋಡುತ್ತಿದ್ದರು. ಕಿವಿಗಿಂತ ಮೇಲಿದ್ದದ್ದು ಬಲಗೈ ಎಂದು ಮಾಸ್ತರಿಗೆ ಹೊಳೆಯಲು ಸ್ವಲ್ಪ ಹೊತ್ತೇ ಹಿಡಿಯಿತು. ಪರದೆಯ ಮೇಲೆ ಆ ದಪ್ಪನೆಯ ಪಟ್ಟಿ ಮೂಳೆಯಡಿಗೆ ಮೆತ್ತಗೆ ಜಾರಿ ಹೋಗಿ ಮೆತ್ತಗೆ ವಾಪಸ್ ಬಂತು. ಎಲ್ಲೂ ಬಿಚ್ಚಲಿಲ್ಲ.

"ದಾರ ಶಾಶ್ವತ ಅಲ್ಲ ಮಾಸ್ತರೇ," ಎಂದರು ಸರ್ಜನ್. "ಮೈ ತಾನಾಗಿ ಕಚ್ಕೊಳ್ಳೋವರ್ಗೂ ಹಿಡಿದಿಡೋದಷ್ಟೇ ಅದರ ಕೆಲಸ. ಈಗ ಕಚ್ಕೊಂಡಿದೆ. ಹೋಗಿ, ಕತ್ತರಿ ಹಿಡೀರಿ. ಭಾರ ಮಾತ್ರ ನಿಧಾನವಾಗಿ."

ಮಾಸ್ತರು ಮಗಳ ಕೋಟಿನ ಅಂಚನ್ನು ಇನ್ನೂ ಹಿಡಿದೇ ಇದ್ದರು. ಬೆರಳು ಬಟ್ಟೆಯನ್ನು ಸವರಿತು. ಹುಬ್ಬು ಗಂಟಿಕ್ಕಿತು. "ಇದು ಲೈನಿಂಗ್ ಬಟ್ಟೆ."

"ಹೂಂ. ಕರಿ ಬಟ್ಟೆ ಮೇಜಿನ ಮೇಲೇ ಇದೆ, ಯಾರೂ ಮುಟ್ಟಿಲ್ಲ," ಎಂದಳು ಮಗಳು. "ಅರ್ಧಿಂಚು ಅಂಕಲ್‌ಗೆ ನಾನೇ ಹೇಳ್ದೆ, ಹಳೇ ಲೈನಿಂಗಲ್ಲಿ ಒಂದು ಕೋಟು ಕಚ್ಚಾ ಹೊಲಿದುಕೊಡಿ, ಹೆಗಲು ಎಷ್ಟು ಕೆಟ್ಟದಾಗಿ ಆಗುತ್ತೋ ಅಷ್ಟು ಕೆಟ್ಟದಾಗಿರ್ಲಿ ಅಂತ. ಪಾಪ, ಅವ್ರಿಗೆ ಮನಸ್ಸೇ ಬರ್ಲಿಲ್ಲ. ಎಲ್ಲರಿಗೂ ಬಿಡೋ ಅರ್ಧ ಇಂಚೇ ಬಿಟ್ರು. ಅಷ್ಟೇ ಸಾಕಾಯ್ತು."

ಮಾಸ್ತರಿಗೆ ಬೈಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದರು. ಅಪ್ಪಿಕೊಳ್ಳುವಾಗ ಬಲಗೈಯನ್ನೂ ಬಳಸಿದರು, ಜೆಲ್ಲಿ ಅವಳ ಕೋಟಿಗೆಲ್ಲ ಮೆತ್ತಿಕೊಂಡಿತು.

ಶನಿವಾರ ಬೆಳಿಗ್ಗೆ ಅವರು ಕರಿ ಬಟ್ಟೆ ಬಿಡಿಸಿ, ಸುಣ್ಣದ ಬಿಲ್ಲೆಯಿಂದ ಗೆರೆ ಎಳೆದರು. ಕತ್ತರಿ ಕೈಗೆ ತೆಗೆದುಕೊಂಡು, ಬೆನ್ನು ಮತ್ತು ಕಂಕುಳಿನ ಗೆರೆ ಬಂದಲ್ಲಿ ನಿಂತರು. ಹೆಗಲು ಸರಿ, ಅದರಲ್ಲಿ ಮಾತಿಲ್ಲ. ಆದರೆ ಡಾಕ್ಟರಮ್ಮನ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಇಷ್ಟು ಸಡಿಲ ಇಲ್ಲದಿದ್ದರೆ ಕೈ ಎತ್ತೋಕೇ ಆಗಲ್ಲ. ವಕೀಲಳಾದವಳು ಕೈ ಎತ್ತದಿದ್ದರೆ ಹೇಗೆ? ಮಾಸ್ತರು ರಸ್ತೆಯ ಆಚೆ ಒಮ್ಮೆ ನೋಡಿದರು. ಅರ್ಧಿಂಚು ಮೆಷೀನಿನ ಮೇಲೆ ಬಗ್ಗಿದ್ದ. ಅವರು ಎದ್ದು ಹೋಗಿ ಅಂಗಡಿಯ ಮುಂದಿನ ಪರದೆ ಎಳೆದರು. ಆಮೇಲೆ ಏನು ಮಾಡಿದರೆಂದು ಯಾರೂ ನೋಡಲಿಲ್ಲ.

ಭಾನುವಾರ ಕೋಟು ಮುಗಿಯಿತು. ಆ ಅಂಗಡಿಯ ಚರಿತ್ರೆಯಲ್ಲಿ ಹೇಳಿದ ದಿನಕ್ಕೆ ಮುಂಚೆಯೇ ರೆಡಿಯಾದದ್ದು ಅದೊಂದೇ.

ಸೋಮವಾರ ಸಂಜೆ ಮಗಳು ಕೋರ್ಟಿನಿಂದ ಬಂದಾಗ ಅರ್ಧ ಬೀದಿ ಅಂಗಡಿಯಲ್ಲಿತ್ತು.

"ಕೇಸು ಏನಾಯ್ತು?" ಎಂದ ಭಾಮೈದ.

"ಮುಂದಕ್ಕೆ ಹಾಕಿದ್ರು. ಮಂಗಳವಾರಕ್ಕೆ."

"ಯಾವ ಮಂಗಳವಾರ?" ಎಂದು ಹೆಂಡತಿ ಗಂಡನ ಮುಖ ನೋಡಿದರು.

"ಆದ್ರೆ ಜಡ್ಜು ಒಂದು ಪ್ರಶ್ನೆ ಕೇಳಿದ್ರು," ಎಂದಳು ಮಗಳು. "ಈ ಕೋಟು ಯಾರು ಹೊಲಿದಿದ್ದು ಅಂತ. ನಮ್ಮಪ್ಪ ಅಂದೆ. ನಮ್ಮಪ್ಪನ್ನ ಯಾರು ಹೊಲಿದಿದ್ದು ಅಂತ ಕೇಳ್ಲಿಲ್ಲ. ಕೇಳಿದ್ರೆ ಅದನ್ನೂ ಹೇಳೋಕೆ ರೆಡಿ ಇದ್ದೆ."

ಎಲ್ಲರೂ ನಕ್ಕರು. ಮಾಸ್ತರು ನಗುತ್ತ ಕಣ್ಣೊರೆಸಿಕೊಂಡರು. ಆಗ ರಸ್ತೆಯಾಚೆಯಿಂದ ಅರ್ಧಿಂಚು ಕೈ ಬೀಸಿದ. ಮಗಳೂ ತೋಳನ್ನು ತಲೆಯ ಮೇಲೆತ್ತಿ, ಇಷ್ಟಗಲ ಬೀಸಿದಳು. ಕೋಟಿನ ಹೆಗಲು ಅಲುಗಲಿಲ್ಲ, ಬೆನ್ನು ಬಿಗಿಯಲಿಲ್ಲ, ಅಂಚು ಒಂದು ಕೂದಲೆಳೆಯಷ್ಟೂ ಮೇಲೇಳಲಿಲ್ಲ.

ಅರ್ಧಿಂಚು ಬೀಸುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದ. ಕಣ್ಣು ಕಿರಿದು ಮಾಡಿ ಅವಳ ಕಂಕುಳನ್ನೇ ದಿಟ್ಟಿಸಿದ. ಬಾಯಿ ನಿಧಾನಕ್ಕೆ ತೆರೆದುಕೊಂಡಿತು.

"ಮಾಸ್ತರೇ!" ಎಂದು ಕೂಗುತ್ತ ರಸ್ತೆಗೆ ಇಳಿದ. "ಮಾಸ್ತರೇ, ಎಷ್ಟು ಬಿಟ್ರಿ? ನಿಜ ಹೇಳಿ, ಎಷ್ಟು ಬಿಟ್ರಿ?"

"ಏನೂ ಬಿಟ್ಟಿಲ್ಲ, ಹೋಗಯ್ಯಾ!" ಎಂದರು ಮಾಸ್ತರು. ಬೇಗ ಬೇಗ ಮುಂದೆ ಬಂದು, ಬಲಗೈಯನ್ನು ಮೇಲಿನ ಸರಳಿನವರೆಗೆ ಎತ್ತಿ, ಪರದೆ ಎಳೆದುಬಿಟ್ಟರು.